ಅಂಚು ಕಾಣವಲ್ದು

ಹೋದ ಸೋಮವಾರ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಇಂಜಿನಿಯರ್ ಒಬ್ಬಳು ಹಳೆಯ ಟಿಕೆಟ್‌ಗಳನ್ನೆಲ್ಲ ಗುಡಿಸಿ ಒಂದು ಪಟ್ಟಿ ಮಾಡಿ ನನಗೆ ಕಳಿಸಿದಳು. ಟಿಕೆಟ್ ಎಂದರೆ ಬಸ್ಸಿನದಲ್ಲ. ತಂತ್ರಾಂಶದಲ್ಲಿ ಏನಾದರೂ ದೋಷ ಕಂಡರೆ ಅದನ್ನು ಬರೆದಿಡುವ ಚೀಟಿಗೆ ನಮ್ಮ ಧಂದೆಯಲ್ಲಿ ಹಾಗೆನ್ನುತ್ತಾರೆ. ದೋಷ ಸರಿಹೋದ ಮೇಲೆ ಚೀಟಿ ಮುಚ್ಚಬೇಕು. ಮುಚ್ಚದೇ ಉಳಿದವುಗಳ ಪಟ್ಟಿಯ ಕಟ್ಟಕಡೆಗೆ ಒಂದಿತ್ತು: 'ಅಂಚು ಕಾಣವಲ್ದು', ಅಂದರೆ ಅಂಚು ಕಾಣಿಸುತ್ತಿಲ್ಲ. ಅದರ ಎದುರಿಗೆ ಆಕೆಯ ಷರಾ: 'ಇದೇನೆಂದು ತಿಳಿಯಲಿಲ್ಲ. ಬರೆದವರು ಈಗ ಕೆಲಸದಲ್ಲಿಲ್ಲ. ಮುಚ್ಚಲೇ?'

ಬರೆದವರು ಕೆಲಸದಲ್ಲಷ್ಟೇ ಅಲ್ಲ, ಈಗ ಈ ಲೋಕದಲ್ಲಿಯೇ ಇಲ್ಲ. ಹೋದ ತಿಂಗಳು ಧಾರವಾಡದ ಕೆಲಗೇರಿಗೆ ಅವರ ಮಣ್ಣಿಗೆ ಹೋಗಿಬಂದೆ. ಮುಚ್ಚು ಅಥವಾ ಬೇಡ ಎಂದು ಒಂದು ಶಬ್ದದಲ್ಲಿ ಉತ್ತರ ಕೊಡಬಹುದಾಗಿತ್ತು. ನಾಲ್ಕು ದಿನವಾದರೂ ಕೊಡಲಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆನ್ನುವುದು ರೂಢಿ. ಇವರು ಕಲಿಸಿದ್ದು ಟೈಪಿಂಗ್. ಧಾರವಾಡದಲ್ಲಿ ಒಂದು ಮಾಳಿಗೆಯ ಮೇಲೆ ಸಾಲಾಗಿ ಟೈಪ್‌ರೈಟರುಗಳನ್ನಿಟ್ಟುಕೊಂಡು ಮೂವತ್ತು ವರ್ಷ ಕಲಿಸಿದರು. ಅವರ ಕೈಯಲ್ಲಿ ಪಳಗಿದವರು ಕೋರ್ಟು, ಕಚೇರಿ, ಕಾಲೇಜು ಎಲ್ಲ ಕಡೆ ಇದ್ದರು. ಕೆಳಗೆ ಕೀಲಿ ನೋಡಿ ಟೈಪ್ ಮಾಡಿದರೆ ಬೆರಳ ಗಂಟಿನ ಮೇಲೆ ಸ್ಟೀಲಿನ ಪಟ್ಟಿಯಿಂದ ಟಕ್ಕೆಂದು ಕೊಡುತ್ತಿದ್ದರಂತೆ. ಒಮ್ಮೆ ಅವರ ಜೊತೆ ಧಾರವಾಡದ ಕಚೇರಿಯೊಂದಕ್ಕೆ ಹೋಗಿದ್ದೆ. ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಡ್ ಕ್ಲಾರ್ಕೊಬ್ಬರು ಇವರನ್ನು ಕಂಡವರೇ ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಅಕ್ಕೋರು ನಕ್ಕು, "ಈಗ ಪಟ್ಟಿ ತಂದಿಲ್ಲಪಾ, ಕೂಡು" ಎಂದರು.

ಟೈಪ್‌ರೈಟರು ಹೋಯಿತು, ಮಾಳಿಗೆಯೂ ಖಾಲಿಯಾಯಿತು. ಅಕ್ಕೋರು ಮದುವೆಯಾದವರಲ್ಲ, ಕೆಲಗೇರಿಯಲ್ಲಿ ತಮ್ಮನ ಸಂಸಾರದ ಜೊತೆಗಿದ್ದರು. ಇನ್ನು ಸಾಕು, ಮನೆಯಲ್ಲಿ ಆರಾಮ ಕೂತುಬಿಡು ಎಂದು ತಮ್ಮ ಹೇಳುತ್ತಲೇ ಇದ್ದನಂತೆ. ಅಂಥ ಹೊತ್ತಿನಲ್ಲಿ ರಾಯಾಪುರದ ನಮ್ಮ ಸಣ್ಣ ಕಂಪನಿಗೆ ಕನ್ನಡ ಟೈಪಿಂಗ್ ಸರಿಯಾಗಿ ಬರುವ ಒಬ್ಬ ಟೆಸ್ಟರ್ ಬೇಕಾಗಿತ್ತು. ಟೆಸ್ಟರ್ ಎಂದರೆ ನಾವು ಕಟ್ಟಿದ್ದನ್ನು ಕೆಡವಿ ನೋಡುವವರು. ಬಂದ ಅರ್ಜಿಗಳಲ್ಲಿ ಬೆರಳಚ್ಚಾಗಿ, ಸುತ್ತ ಅಂಚು ಕಟ್ಟಿಕೊಂಡು ಬಂದದ್ದು ಇವರದೊಂದೇ.

ಸಂದರ್ಶನದ ದಿನ ಅಕ್ಕೋರು ಕುರ್ಚಿಯ ಮೇಲೆ ನೆಟ್ಟಗೆ ಕೂತು, ಮೊದಲು ನನ್ನ ಕೀಬೋರ್ಡ್ ಎತ್ತಿ ಬೋರಲು ಹಾಕಿ ಎರಡು ಸಲ ಬಡಿದರು. ಅದರೊಳಗಿಂದ ಗಿರಮಿಟ್ಟಿನ ಚುರಮರಿ ಉದುರಿತು, ಒಂದು ಶೇಂಗಾಕಾಳೂ ಬಿತ್ತು. ಎದುರಿಗೆ ಕೂತಿದ್ದ ಕಂಪನಿಯ ಮಾಲಕರು ನನ್ನ ಕಡೆ ನೋಡಿದರು. ಅಕ್ಕೋರು ಶೇಂಗಾಕಾಳನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕೈಗೆ ಕೊಟ್ಟು, "ತಗೋ ತಮ್ಮಾ, ನಿಂದ ಇದು" ಎಂದರು. ನಮ್ಮಿಬ್ಬರ ಪರಿಚಯವಾದದ್ದು ಹೀಗೆ.

ಅವರ ಟೈಪಿಂಗ್ ನೋಡುವ ಹಾಗಿತ್ತು, ಪಕ್ಕದಲ್ಲಿ ಕೂಡುವ ಹಾಗಿರಲಿಲ್ಲ. ಕೀಲಿಗಳನ್ನು ಕುಟ್ಟಿ ಪುಡಿ ಮಾಡುವ ಹಾಗೆ ಹೊಡೆಯುತ್ತಿದ್ದರು. ಒಂದು ಸಾಲು ಮುಗಿದದ್ದೇ ತಡ, ಎಡಗೈ ತಾನೇ ಮೇಲೆದ್ದು ಗಾಳಿಯಲ್ಲಿ ಏನನ್ನೋ ಬಲಕ್ಕೆ ತಳ್ಳುತ್ತಿತ್ತು. ಟೈಪ್‌ರೈಟರಿನಲ್ಲಿ ಸಾಲು ಬದಲಿಸುವ ಹಿಡಿಕೆ ಅಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಅಲ್ಲಿ ನನ್ನ ಚಹಾದ ಲೋಟ ಇರುತ್ತಿತ್ತು. ಮೊದಲ ವಾರದಲ್ಲಿ ಮೂರು ಲೋಟ ಚೆಲ್ಲಿದ ಮೇಲೆ ನಾನು ಲೋಟವನ್ನು ಬಲಗಡೆ ಇಡುವುದು ಕಲಿತೆ. ಅವರು ಕೈ ಎತ್ತುವುದು ಬಿಡಲಿಲ್ಲ.

ಅಕ್ಕೋರ ತಂದೆ ಟೈಪ್‌ರೈಟರ್ ರಿಪೇರಿಯ ಮಿಸ್ತ್ರಿ. ಧಾರವಾಡದ ಎಷ್ಟೋ ಕಚೇರಿಗಳ ಯಂತ್ರಗಳ ನಾಡಿ ಅವರ ಕೈಯಲ್ಲಿತ್ತಂತೆ. ಮಗಳಿಗೆ ಬಂದದ್ದು ಅವರ ಸ್ಕ್ರೂಡ್ರೈವರ್ ಅಲ್ಲ, ಅವರ ರೀತಿ. ಒಂದು ದಿನ ಸಕ್ಕರೆ ಬಡೆಸೋಪು ಬಾಯಿಗೆ ಹಾಕಿಕೊಳ್ಳುತ್ತ ಹೇಳಿದ್ದರು.

"ಗಿರಾಕಿ ಬಂದ ಕೂಡ್ಲೆ ಯಾವ ಕೀಲಿ ಕೆಟ್ಟೈತಿ ಅಂತ ಹೇಳತಾನ. ನಮ್ಮ ಅಬ್ಬಾ ಆ ಕೀಲಿ ಮುಟ್ಟತಿರಲಿಲ್ಲ ನೋಡು. ಮೊದಲ ಉಳದಿದ್ದು ಅಷ್ಟೂ ಒತ್ತಿ ನೋಡಾವ್ರು. ಯಾಕ ಹೇಳು? ದಿನಾ ಒತ್ತೂ ಕೀಲಿ ಬಗ್ಗೆ ಗಿರಾಕಿಗೆ ಗೊತ್ತಿರತೈತಿ. ಒತ್ತದ ಕೀಲಿ ಬಗ್ಗೆ ಯಾರಿಗೂ ಗೊತ್ತಿರೂದಿಲ್ಲ."

ಅಕ್ಕೋರ ಟೆಸ್ಟಿಂಗ್ ಎಂದರೆ ಇದೇ. ನಾವು ಹೊಸದೇನಾದರೂ ಮಾಡಿಕೊಟ್ಟರೆ ಅದರ ಮುಖ್ಯ ಕೆಲಸವನ್ನು ಕಡೆಗೆ ನೋಡುತ್ತಿದ್ದರು. ಮೊದಲು ಎಡಮೇಲಿನ ಮೂಲೆಯಿಂದ ಬಲಕೆಳಗಿನ ಮೂಲೆಯವರೆಗೆ ಕೀಬೋರ್ಡಿನ ಪ್ರತಿ ಕೀಲಿ, ಯಾರೂ ಮುಟ್ಟದ ಚಿಹ್ನೆಗಳ ಸಮೇತ. ಆಮೇಲೆ ಅಂಚು.

ಈ ಅಂಚಿನ ವಿಷಯ ಸ್ವಲ್ಪ ಹೇಳಬೇಕು. ಅವರ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಹಾಳೆಯನ್ನೇ ಟೈಪ್ ಮಾಡಲಿ, ಮೇಲೆ ತಮ್ಮ ಹೆಸರು ಹೊಡೆದು, ಅದರ ಸುತ್ತ ಎಕ್ಸ್, ಓ, ಅಡ್ಡಗೆರೆ ಇವುಗಳನ್ನೇ ಜೋಡಿಸಿ ಅಂಚು ಕಟ್ಟಬೇಕು. ಇಲ್ಲದಿದ್ದರೆ ಅಕ್ಕೋರು ಹಾಳೆ ಮುಟ್ಟುತ್ತಿರಲಿಲ್ಲ. "ಅಂಚಿಲ್ಲದ ಸೀರಿ ಉಟಗೊಂಡು ಯಾರಾರ ಲಗ್ನಕ್ಕ ಹೋಗತಾರೇನು?" ಎಂದು ಕೇಳುತ್ತಿದ್ದರು. ಕಂಪ್ಯೂಟರಿಗೆ ಬಂದ ಮೇಲೆ ಅವರಿಗೊಂದು ನಿಧಿ ಸಿಕ್ಕಿತು. ಹಳೆಯ ಯಂತ್ರಗಳಲ್ಲಿ ಇಲ್ಲದ ಎರಡು ಚಿಹ್ನೆಗಳು: ಎಡಕ್ಕೊಂದು, ಬಲಕ್ಕೊಂದು ಮುಖ ಮಾಡಿದ ಬಾಣದ ತುದಿಗಳು. "ಇಷ್ಟು ವರ್ಷ ನನಗ ಬಾಣ ಸಿಕ್ಕಿರಲಿಲ್ಲ ತಮ್ಮಾ!" ಎಂದು ಸಣ್ಣ ಹುಡುಗಿಯ ಹಾಗೆ ಹಿಗ್ಗಿದರು. ಅಂದಿನಿಂದ ಒಂದು ಎಡಬಾಣ, ನಡುವೆ ಎಕ್ಸ್, ಒಂದು ಬಲಬಾಣ. ಮತ್ತೆ ಎಡಬಾಣ, ನಡುವೆ ಓ, ಬಲಬಾಣ. ಹೀಗೆ ಸಾಲುದ್ದಕ್ಕೂ ತೋರಣ. ಅದನ್ನು ಇಲ್ಲಿ ಬರೆದು ತೋರಿಸುವ ಧೈರ್ಯ ನನಗಿಲ್ಲ. ಈ ಬರಹ ಯಾವ ಯಂತ್ರದೊಳಗಿಂದ ಹಾದು ನಿಮ್ಮ ಕಣ್ಣಿಗೆ ಬೀಳುತ್ತದೋ ಗೊತ್ತಿಲ್ಲ. ಯಾಕೆ ಹೀಗೆನ್ನುತ್ತೇನೆಂದು ಮುಂದೆ ತಿಳಿಯುತ್ತದೆ.

ನಾನಿರುವುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಆಫೀಸು ಧಾರವಾಡ, ಹುಬ್ಬಳ್ಳಿಗಳ ನಡುವೆ. ಎರಡೂ ಊರಿಗೆ ಓಡಾಡುವ ಚಿಗರಿ ಬಸ್ಸಿನಲ್ಲಿ ಅವರು ಆ ಕಡೆಯಿಂದ ಬರುತ್ತಿದ್ದರು, ನಾನು ಈ ಕಡೆಯಿಂದ. ಹತ್ತರಲ್ಲಿ ಎಂಟು ದಿನ ಅವರೇ ಮೊದಲು ಬಂದು ಕೂತು, "ಬಂದ್ರಾ ಹುಬ್ಬಳ್ಳಿಯವ್ರು? ಗಡಿಬಿಡಿ ಮಾಡಿದ್ರೂ ತಡಾನ ಆತಲ್ಲ" ಎನ್ನುತ್ತಿದ್ದರು. ಧಾರವಾಡದವರಿಗೆ ಹುಬ್ಬಳ್ಳಿಯವರ ಬಗ್ಗೆ ಇರುವ ಒಂದು ತೂಕದ ಕನಿಕರ ಅವರಲ್ಲೂ ಇತ್ತು. ರಂಜಾನ್ ತಿಂಗಳಲ್ಲಿ ತಾವು ಹನಿ ನೀರು ಕುಡಿಯದಿದ್ದರೂ ನನಗೆ ಚಹಾ ಬಂದಿತೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಹಬ್ಬದ ಮರುದಿನ ಸ್ಟೀಲಿನ ಡಬ್ಬಿಯಲ್ಲಿ ಶಾವಿಗೆ ಹಾಕಿದ ಸುರಕುಂಬಾ ತರುತ್ತಿದ್ದರು. ಡಬ್ಬಿ ತೊಳೆದು ಕೊಡದಿದ್ದರೆ ವರ್ಷವಿಡೀ ನೆನಪಿಸುತ್ತಿದ್ದರು.

ಇನ್ನು ನಮ್ಮ ತಂತ್ರಾಂಶ. ಒಂದೇ ದಾಖಲೆಯ ಮೇಲೆ ನಾಲ್ಕು ಜನ ನಾಲ್ಕು ಊರಿನಲ್ಲಿ ಕೂತು ಒಟ್ಟಿಗೇ ಬರೆಯುವಂಥದು. ದಾಖಲೆಯ ಒಡೆಯ ತಿದ್ದಬಹುದು. ಉಳಿದವರಿಗೆ ಅವನು ಬೇಕಾದಷ್ಟೇ ಅಧಿಕಾರ ಕೊಡಬಹುದು: ಬರೀ ಓದುವುದು, ಅಥವಾ ಮಗ್ಗುಲಲ್ಲಿ ಟಿಪ್ಪಣಿ ಬರೆಯುವುದು. ಯಾರು ಯಾವಾಗ ಏನು ತಿದ್ದಿದರು ಎಂಬುದು ಕೆಳಗೆ ಹೆಸರಿನ ಸಮೇತ ದಾಖಲಾಗುತ್ತದೆ. ಆ ಮಗ್ಗುಲ ಟಿಪ್ಪಣಿಯ ಪೆಟ್ಟಿಗೆ ನನ್ನ ಕೈಕೆಲಸ. ಅದನ್ನು ನಾನು ಎರಡೇ ದಿನದಲ್ಲಿ ಬರೆದಿದ್ದೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಅಕ್ಕೋರು ಆ ಪೆಟ್ಟಿಗೆಯಲ್ಲಿ ತಮ್ಮ ತೋರಣ ಕಟ್ಟಿದರು. ಕಳಿಸುವ ಗುಂಡಿ ಒತ್ತಿದರು. ಪರದೆಯ ಮೇಲೆ ಹೆಸರಷ್ಟೇ ಉಳಿಯಿತು, ಅಂಚು ಮಾಯ. ಅವರು ಟಿಕೆಟ್ ಬರೆದರು: 'ಅಂಚು ಕಾಣವಲ್ದು'. ನಾನು ನನ್ನ ಕಂಪ್ಯೂಟರಿನಲ್ಲಿ ಬರೀ ಬಾಣಗಳನ್ನು ಸಾಲಾಗಿ ಹೊಡೆದು ನೋಡಿದೆ. ಎಲ್ಲ ಕಂಡವು. ನಡುವೆ ಎಕ್ಸ್ ಹಾಕಿ ನೋಡುವ ತ್ರಾಸು ತೆಗೆದುಕೊಳ್ಳಲಿಲ್ಲ. 'ನನ್ನಲ್ಲಿ ಸರಿಯಾಗಿ ಕಾಣುತ್ತಿದೆ' ಎಂದು ಬರೆದು ರಿಜೆಕ್ಟ್ ಮಾಡಿದೆ. ಮರುದಿನ ಅದೇ ಟಿಕೆಟ್ ಮತ್ತೆ ತೆರೆಯಿತು. 'ಬಳಕೆದಾರರು ಹೀಗೆ ಬರೆಯುವುದಿಲ್ಲ' ಎಂದು ಎರಡನೆಯ ರಿಜೆಕ್ಟ್. ಮೂರನೆಯ ಸಲ ನಾನು ಕಾರಣವನ್ನೂ ಬರೆಯಲಿಲ್ಲ. 'ಮೇಲಿನಂತೆ' ಎಂದು ಹೊಡೆದು ಗಿರಮಿಟ್ ತಿನ್ನಲು ಹೋದೆ.

ಮೂರನೆಯ ದಿನ ಊಟದ ಹೊತ್ತಿಗೆ ಅಕ್ಕೋರು ರೊಟ್ಟಿ ಮುರಿಯುತ್ತ ಕೇಳಿದರು.

"ತಮ್ಮಾ, ನಾ ಬರದದ್ದು ಕಾಣವಲ್ದು ಅಂದ್ರ ಅದು ಎಲ್ಲೋ ಹೋಗಿರಬೇಕಲ್ಲ? ಯಾರ ತಿಂದ್ರು?"

ನಾನು ದೊಡ್ಡ ಮನಸ್ಸು ಮಾಡಿ ತಿಳಿಸಿ ಹೇಳಿದೆ. "ಅಕ್ಕೋರ, ಆ ಬಾಣದ ಜೋಡಿ ಅದಾವಲ್ರಿ, ಅವುಗಳ ನಡುವ ಏನಾರ ಬರದ್ರ ಬ್ರೌಸರ್ ಅದನ್ನ ಅಕ್ಷರ ಅನಕೊಳ್ಳೂದಿಲ್ರಿ. ಹುಕುಂ ಅನಕೋತೈತಿ. ಇದು ತೋರಸೂದಲ್ಲ, ಇದು ನಾ ಮಾಡೂದು ಅಂತ. ಎಕ್ಸ್ ಅನ್ನೂ ಹುಕುಂ ಅದಕ ಗೊತ್ತಿಲ್ಲ, ಹಿಂಗಾಗಿ ಸುಮ್ನ ನುಂಗತೈತಿ."

"ಹಂಗಾದ್ರ ಅದಕ ಗೊತ್ತಿರೂ ಹುಕುಂ ಬರದ್ರ?"

"ಮಾಡತೈತ್ರಿ."

"ಯಾರ ಕಂಪ್ಯೂಟರ್‌ನ್ಯಾಗ?"

"ಯಾರ ಆ ಟಿಪ್ಪಣಿ ತಗದ ನೋಡತಾರ, ಅವರ ಕಂಪ್ಯೂಟರ್‌ನ್ಯಾಗ."

"ಯಾರ ಹೆಸರ ಮ್ಯಾಲೆ?"

"ಅವರ ಹೆಸರ ಮ್ಯಾಲೇನ್ರಿ. ಆದ್ರ ಅಕ್ಕೋರ, ಹಂಗ ಯಾರ ಬರೀತಾರ್ರಿ?"

ಅಕ್ಕೋರು ನನ್ನನ್ನೇ ನೋಡುತ್ತ ಹೇಳಿದರು: "ನಾ ಬರದೆನಲ್ಲ."

ನಾನು ನಕ್ಕು ಅವರ ಡಬ್ಬಿಯಿಂದ ಇನ್ನೊಂದು ರೊಟ್ಟಿ ತೆಗೆದುಕೊಂಡೆ. ಇಂದಿಗೂ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ. ಈ ತೂತಿಗೆ ನಮ್ಮ ಧಂದೆಯಲ್ಲಿ ಒಂದು ಉದ್ದ ಹೆಸರಿದೆ, ನಾನು ಕಾಲೇಜಿನಲ್ಲಿ ಅದರ ಮೇಲೆ ಸೆಮಿನಾರ್ ಕೊಟ್ಟವನು. ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ದರೆ ಎರಡು ಪುಟ ಉತ್ತರ ಬರೆಯುತ್ತಿದ್ದೆ. ನನ್ನ ಬಾಯಿಂದಲೇ ಇಡೀ ಕಥೆ ಹೇಳಿ, ಅದು ನನ್ನದೇ ಪೆಟ್ಟಿಗೆಯ ಕಥೆ ಎಂದು ತಿಳಿಯದೆ ಶೇಂಗಾ ಚಟ್ನಿ ಸವಿಯುತ್ತ ಕೂತಿದ್ದೆ.

ಆಗ ಅಕ್ಕೋರ ಒಂದು ವರ್ಷದ ಕರಾರು ಮುಗಿಯಲು ಬಂದಿತ್ತು. ನಮ್ಮ ಮಾಲಕರು ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆತನದವರು. ಹಣೆಯ ಮೇಲಿನ ವಿಭೂತಿ, ಮಾತಿನಲ್ಲಿ ಗಟ್ಟಿತನ, ಎರಡೂ ಅಜ್ಜನ ಕಾಲದವು. ಅವರೊಂದು ನಿಯಮ ಮಾಡಿದ್ದರು: ಟೆಸ್ಟರ್ ಬರೆದ ಟಿಕೆಟ್‌ಗಳಲ್ಲಿ ರಿಜೆಕ್ಟ್ ಆದವೇ ಹೆಚ್ಚಾಗಿದ್ದರೆ ಕರಾರು ಮುಂದುವರಿಸುವುದಿಲ್ಲ. ಅಕ್ಕೋರವು ಹೆಚ್ಚಿನವು ರಿಜೆಕ್ಟ್ ಆಗಿದ್ದವು. ಮಾಡಿದವನು ಹೆಚ್ಚಾಗಿ ನಾನೇ. ಅವರ ಮೇಲೆ ಸಿಟ್ಟಿನಿಂದಲ್ಲ, ಆಲಸ್ಯದಿಂದ. ನನ್ನ ಒಂದೊಂದು ಒತ್ತಿಗೂ ಆ ಹೆಣ್ಣುಮಗಳು ಕೆಲಗೇರಿಯ ಮನೆಯ ಮೂಲೆಗೆ ಒಂದೊಂದು ಹೆಜ್ಜೆ ಹತ್ತಿರವಾಗುತ್ತಿದ್ದಾರೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಅವರು ಹೇಳಿದ್ದು ಒಂದೇ ಸಲ, ಅದೂ ಬಸ್ಸಿಗೆ ಕಾಯುವಾಗ, ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತ: "ಮನ್ಯಾಗ ಕುಂತ್ರ ನನ್ನ ಬಟ್ಟು ಜಂಗ ಹಿಡೀತಾವು ತಮ್ಮಾ. ಇಲ್ಲಿ ಇನ್ನೂ ನಾಲ್ಕು ವರ್ಷ ಬಡಿಯೂ ಹಂಗದಾವು."

ಕರಾರಿನ ತೀರ್ಮಾನವಾಗುವ ದಿನವೇ ಬೆಳಿಗ್ಗೆ ಧಾರವಾಡದ ಒಂದು ದೊಡ್ಡ ವಕೀಲರ ಕಚೇರಿಗೆ ನಮ್ಮ ತಂತ್ರಾಂಶವನ್ನು ತೋರಿಸುವುದಿತ್ತು. ಮೃತ್ಯುಪತ್ರ, ಖರೀದಿಪತ್ರಗಳನ್ನು ಅವರು ಇದರಲ್ಲೇ ಬರೆದು, ಎದುರು ಪಕ್ಷದವರಿಗೆ ಟಿಪ್ಪಣಿಯ ಅಧಿಕಾರವಷ್ಟೇ ಕೊಟ್ಟು ಕಳಿಸುವ ವಿಚಾರದಲ್ಲಿದ್ದರು. ಪ್ರದರ್ಶನಕ್ಕೆಂದು ನಾನೊಂದು ಕಾಲ್ಪನಿಕ ಮೃತ್ಯುಪತ್ರ ತಯಾರು ಮಾಡಿದ್ದೆ: ಒಬ್ಬ ಮುದುಕ ತನ್ನ ಎರಡು ಎಕರೆ ಹೊಲವನ್ನು ಮಗಳಿಗೆ ಬರೆದುಕೊಟ್ಟದ್ದು.

ಹಿಂದಿನ ದಿನ ಮಧ್ಯಾಹ್ನ ಆ ದಾಖಲೆಯನ್ನು ತೆರೆದೆ. ತೆರೆದ ಕ್ಷಣ ಪರದೆಯ ನಟ್ಟನಡುವೆ ಸಂದೇಶದ ಒಂದು ಡಬ್ಬಿ ಧುತ್ತೆಂದು ಎದ್ದಿತು. ಒಳಗೆ ಮೂರು ಶಬ್ದ: 'ತಮ್ಮಾ, ಅಂಚು ಕಾಣವಲ್ದು'.

ಪಕ್ಕದ ಕುರ್ಚಿಯಲ್ಲಿ ಅಕ್ಕೋರು ನೆಟ್ಟಗೆ ಕೂತು ತಮ್ಮ ಪರದೆಯನ್ನು ನೋಡುತ್ತಿದ್ದರು. ತುಟಿಯ ಕೊನೆಯಲ್ಲಿ ಮಾತ್ರ ಏನೋ ಇತ್ತು.

"ಏನ್ ಮಾಡಿದ್ರಿ ಅಕ್ಕೋರ?"

"ನೀ ಹೇಳಿದ್ದ ಮಾಡ್ದೆ. ಅದಕ ಗೊತ್ತಿರೂ ಹುಕುಂ ಹುಡುಕಿದೆ. ಇಂಟರ್ನೆಟ್‌ನ್ಯಾಗ ಒಂದು ಸಾಲು ಇತ್ತು. ಇಲ್ಲದ ಚಿತ್ರ ತಗೊಂಬಾ ಅಂತ ಹೇಳೂದು. ಸಿಗಲಿಲ್ಲಂದ್ರ ಹಿಂಗ ಮಾಡು ಅಂತ ಹೇಳೂದು. ಅರ್ಥ ಏನೂ ಆಗಲಿಲ್ಲ. ಆದ್ರ ನೋಡಿ ತಪ್ಪಿಲ್ಲದ ಹೊಡಿಯೂದು ನನ್ನ ಧಂದೇನ ಅಲ್ಲೇನು?"

ಟಿಪ್ಪಣಿಯ ಅಧಿಕಾರವಷ್ಟೇ ಇರುವ ಒಂದು ಖಾತೆಯಿಂದ ನಾನೇ ಒಂದು ಹುಕುಂ ಬರೆದೆ: ಮೃತ್ಯುಪತ್ರದಲ್ಲಿ ಮಗಳ ಹೆಸರು ಅಳಿಸಿ ಬೇರೆ ಹೆಸರು ಹಾಕು. ಆಮೇಲೆ ಒಡೆಯನಾಗಿ ಆ ದಾಖಲೆಯನ್ನು ತೆರೆದು ಸುಮ್ಮನೆ ನೋಡಿದೆ, ಅಷ್ಟೇ. ಮುದುಕನ ಹೊಲ ಕಣ್ಣೆದುರೇ ಕೈಬದಲಾಯಿತು. ತಿದ್ದಿದವರು ಯಾರೆಂದು ಕೆಳಗೆ ನೋಡಿದರೆ ನನ್ನದೇ ಹೆಸರು. ಟಿಪ್ಪಣಿ ಬರೆದವನ ಗುರುತೇ ಇಲ್ಲ. ಯಾವನೋ ಎದುರು ಪಕ್ಷದವನು ಮಗ್ಗುಲಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕಿತ್ತು. ವಕೀಲರು ಬರೀ ಓದಿದ್ದಕ್ಕೆ, ತಾವೇ ತಮ್ಮ ಕೈಯಾರೆ ತಿದ್ದಿದ ಹಾಗಾಗುತ್ತಿತ್ತು.

ಸಂಜೆಯೊಳಗೆ ಸರಿಮಾಡಿದೆ. ಪೆಟ್ಟಿಗೆಯಲ್ಲಿ ಏನೇ ಬರೆದರೂ ಅದು ಬರೀ ಅಕ್ಷರವೇ, ಹುಕುಂ ಅಲ್ಲ ಎಂದು ಬ್ರೌಸರಿಗೆ ತಾಕೀತು ಮಾಡುವ ನಾಲ್ಕೇ ಸಾಲಿನ ಕೆಲಸ. ಅಕ್ಕೋರ ಎಕ್ಸು, ಓ, ಬಾಣಗಳು ಮದುವೆಮನೆಯ ತೋರಣದ ಹಾಗೆ ಪರದೆಯ ಮೇಲೆ ಬಂದು ನಿಂತವು. "ಈಗ ಕಾಣಾಕತ್ತೈತಿ ನೋಡು" ಎಂದು ಅವರು ಸಕ್ಕರೆ ಬಡೆಸೋಪು ಕೊಟ್ಟರು. ನಾನು ತಿಂದೆ. ತಿಂದು, ಕೆಲಸದ ಪಟ್ಟಿಯಲ್ಲಿ ಏನು ಬರೆದೆ ಗೊತ್ತೇ? 'ಟಿಪ್ಪಣಿ ಪೆಟ್ಟಿಗೆಯಲ್ಲಿ ಸಣ್ಣ ಸುಧಾರಣೆ'. ಟಿಕೆಟ್ಟಿನ ಮೇಲಿನ ಮೂರು ರಿಜೆಕ್ಟ್‌ಗಳನ್ನು ಮುಟ್ಟಲಿಲ್ಲ. ಮುಟ್ಟಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಿದರೆ ನನ್ನ ಮಾನ ಹೋಗುತ್ತಿತ್ತು. ನಾನು ಅಂಜುಬುರುಕ ಎಂದು ನನಗೆ ಖಾತ್ರಿಯಾದದ್ದು ಅವತ್ತು.

ಮರುದಿನ ವಕೀಲರ ಕಚೇರಿಯ ಪ್ರದರ್ಶನ ಛಲೋ ಆಯಿತು. ಮಧ್ಯಾಹ್ನ ಮಾಲಕರು ಅಕ್ಕೋರನ್ನು ಕೋಣೆಗೆ ಕರೆದರು. ಅವರ ಕೆಲಸವನ್ನು ವಹಿಸಿಕೊಳ್ಳಲೆಂದು ನನ್ನನ್ನೂ ಕರೆದರು. ಮೇಜಿನ ಮೇಲೆ ಕರಾರು ಮುಗಿಸುವ ಪತ್ರ ಟೈಪಾಗಿ ಕೂತಿತ್ತು. ಅಂಚಿರಲಿಲ್ಲ.

"ಅಕ್ಕೋರ, ನಿಮ್ಮ ಮ್ಯಾಲೆ ನಮಗ ಭಾಳ ಗೌರವ ಐತ್ರಿ," ಎಂದರು ಮಾಲಕರು. ಅವರಿಗೂ ಕಷ್ಟವಾಗುತ್ತಿತ್ತು. "ಆದ್ರ ಏನ್ ಮಾಡೂದ್ರಿ, ರಿಜೆಕ್ಟ್ ಆದದ್ದ ಭಾಳ ಅದಾವು. ಇದೊಂದ ನೋಡ್ರಿ, ಅಂಚಿಂದು. ಮೂರು ಸಲ! ಏನಿತ್ರಿ ಇದ್ರಾಗ?"

ಅಕ್ಕೋರು ನನ್ನ ಕಡೆ ಒಮ್ಮೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಹೇಳುತ್ತಾರೆ, ಹೇಳಿದ ಕೂಡಲೇ ನಾನು ಹೀಗೆ ಉತ್ತರ ಕೊಡಬೇಕು ಎಂದು ಮನಸ್ಸಿನಲ್ಲೇ ಸಾಲು ಜೋಡಿಸಿಕೊಳ್ಳುತ್ತಿದ್ದೆ.

"ಅಂಚು ಕಾಣವಲ್ದಾಗಿತ್ರಿ ಸಾಹೇಬ್ರ," ಎಂದರು ಅಕ್ಕೋರು. "ಈಗ ಕಾಣಾಕತ್ತೈತಿ. ತಮ್ಮ ಸರಿ ಮಾಡ್ಯಾನ."

ಮುಗಿಯಿತು. ಪತ್ರ ತೆಗೆದುಕೊಳ್ಳಲು ಕೈ ಚಾಚಿದರು. ಎಡಗೈ. ದಿನಕ್ಕೆ ನೂರು ಸಲ ಗಾಳಿಯಲ್ಲಿ ಏಳುತ್ತಿದ್ದ ಅದೇ ಕೈ.

"ಸರ್, ಒಂದ್ ನಿಮಿಷ ತಡೀರಿ," ಎಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶದ ಹಿಂದಿನ ದಿನದ, ಸರಿಮಾಡುವ ಮೊದಲಿನ ಪ್ರತಿ ಹಾಗೇ ಇತ್ತು. ಹೊರಗೆ ಹೋಗಿ, ಅದರಲ್ಲಿ ಮೃತ್ಯುಪತ್ರದ ಒಡೆತನವನ್ನು ಮಾಲಕರ ಖಾತೆಗೆ ಹಾಕಿ, ಒಂದು ಟಿಪ್ಪಣಿ ಬರೆದು ತಂದು ಅವರ ಮುಂದಿಟ್ಟೆ. "ನಿಮ್ಮ ಹೆಸರಲೇ ಒಳಗ ಹೋಗಿ ಈ ಮೃತ್ಯುಪತ್ರ ತಗೀರಿ. ಏನೂ ಒತ್ತಬ್ಯಾಡ್ರಿ. ಬರೇ ನೋಡ್ರಿ."

ಮಾಲಕರು ತೆರೆದು ಓದಿದರು. "ಎರಡು ಎಕರೆ ಹೊಲ... ಟೈಪಿಂಗ್ ಅಕ್ಕೋರಿಗೆ... ಏ, ಇದೇನಿದು? ಮುಂಜಾನೆ ಮಗಳಿಗೆ ಅಂತ ಇತ್ತಲ್ಲ?"

"ಕೆಳಗ ನೋಡ್ರಿ, ಯಾರ ತಿದ್ದ್ಯಾರ?"

ಅವರು ಕನ್ನಡಕ ಏರಿಸಿ ನೋಡಿದರು. ಅವರದೇ ಹೆಸರು, ಊರು ಸಮೇತ.

"ಲೇ, ನಾ ಏನೂ ಮುಟ್ಟಿಲ್ಲಲೇ!"

"ಮುಟ್ಟಿಲ್ರಿ. ಬರೇ ನೋಡೀರಿ. ನಿನ್ನೆ ಸಂಜಿತನಕ ಹಿಂಗ ಇತ್ರಿ ಇದು. ಅಕ್ಕೋರು ಮೂರು ಸಲ ಬರದ್ರು. ಮೂರೂ ಸಲ ನಾನ ರಿಜೆಕ್ಟ್ ಮಾಡೀನಿ, ಸರಿಯಾಗಿ ನೋಡಲಾರದ. ನಿನ್ನೆ ಸುಮ್ನ ಸರಿ ಮಾಡಿ, ಸಣ್ಣ ಸುಧಾರಣೆ ಅಂತ ಬರದೀನ್ರಿ."

ಮಾಲಕರಿಗೆ ಬ್ರೌಸರಿನ ಹುಕುಂ, ಬಾಣ ಒಂದೂ ತಿಳಿಯದಿದ್ದರೂ ಹೆಸರಿನ ಮಾತು ಪಟ್ಟನೆ ತಿಳಿಯಿತು. "ನಮ್ಮಜ್ಜ ಹತ್ತಿ ಅಂಡಿಗಿ ಬಿಚ್ಚಿ ನೋಡದ ಅದರ ಮ್ಯಾಲೆ ಹೆಸರು ಬರೀತಿರಲಿಲ್ಲ," ಎಂದರು ಮೆಲ್ಲಗೆ. ಆಮೇಲೆ ನನ್ನನ್ನು ಬೈದರು. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕಲಿತ ಬೈಗುಳ, ಬರೆಯುವ ಹಾಗಿಲ್ಲ. ಅಕ್ಕೋರು ನೆಲ ನೋಡುತ್ತ ಪೂರಾ ಕೇಳಿಸಿಕೊಂಡರು. ಅವರಿಗೆ ಅದರಲ್ಲಿ ಸ್ವಲ್ಪ ಸುಖವಾಯಿತೆಂದು ನನ್ನ ಗುಮಾನಿ. ಬೈದು ಮುಗಿಸಿ ಮಾಲಕರು ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚಹಾದ ಲೋಟದ ಕೆಳಗೆ ಇಟ್ಟುಕೊಂಡರು. ವಕೀಲರಿಗೆ ತಾವೇ ಫೋನ್ ಮಾಡಿ, ಹೀಗೊಂದು ತೂತಿತ್ತು, ನಮ್ಮ ಅಕ್ಕೋರು ಹಿಡಿದರು, ಮುಚ್ಚಿದ್ದೇವೆ ಎಂದು ಹೇಳಿದರು. ಅಂದಿನಿಂದ ಆಫೀಸಿನಲ್ಲಿ ಹೊಸ ನಿಯಮ: ಟಿಕೆಟ್ ರಿಜೆಕ್ಟ್ ಮಾಡುವವನು ಬರೆದವರ ಪಕ್ಕದಲ್ಲಿ ಕೂತು, ಅವರು ಮಾಡಿದ್ದನ್ನು ಹಾಗೇ ಮಾಡಿ ನೋಡಿ ಆಮೇಲೆ ಮಾಡಬೇಕು.

ಹೊರಗೆ ಬಂದು ಕೇಳಿದೆ. "ನೀವ್ ಯಾಕ ಹೇಳಲಿಲ್ರಿ ಅಕ್ಕೋರ?"

"ಕ್ಲಾಸಿನ್ಯಾಗ ಹುಡುಗೂರು ತಪ್ಪು ಹೊಡದ್ರ ನಾ ಬಾಯಿ ಬಿಟ್ಟು ಹೇಳತಿರಲಿಲ್ಲ. ಹಾಳಿ ಮುಂದ ಹಿಡದು ನಿಂದರತಿದ್ದೆ, ತಾವ ಕಾಣೂತನಕ. ನಿನಗ ಸ್ವಲ್ಪ ತಡಾ ಆತು, ಅಷ್ಟ." ಚೀಲಕ್ಕೆ ಕೈ ಹಾಕಿ ಸ್ಟೀಲಿನ ಪಟ್ಟಿ ತೆಗೆದರು. ಅಷ್ಟು ವರ್ಷ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. "ಬಟ್ಟು ಮುಂದ ಮಾಡು."

ಬೆರಳು ಚಾಚಿದೆ. ಟಕ್. ಖರೇ ಹೇಳುತ್ತೇನೆ, ಬಹಳ ನೋವಾಯಿತು. ಮನಸ್ಸು ಮಾತ್ರ ಹಗುರಾಯಿತು.

ಅವರು ಹೇಳಿದ ನಾಲ್ಕು ವರ್ಷ ಆರಾಯಿತು. ಆ ಟಿಕೆಟ್ಟಿನ ಮೇಲೆ ನಾನು 'ಸರಿಮಾಡಿದೆ' ಎಂದು ಬರೆದೆ. ಆದರೆ ಬರೆದವರೇ ಮುಚ್ಚಬೇಕೆಂಬುದು ಪದ್ಧತಿ. ಅಕ್ಕೋರು ಮುಚ್ಚಲೇ ಇಲ್ಲ. ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಅದರಲ್ಲಿನ ಪ್ರತಿ ಪೆಟ್ಟಿಗೆಯಲ್ಲೂ ತೋರಣ ಕಟ್ಟಿ, ಅದರಡಿ 'ಕಾಣಾಕತ್ತೈತಿ' ಎಂದು ಒಂದು ಸಾಲು ಬರೆಯುತ್ತಿದ್ದರು. ನಿವೃತ್ತಿಯ ದಿನ, ಈಗಲಾದರೂ ಮುಚ್ಚಿರಿ ಎಂದೆ. "ನಿನ್ನ ಮ್ಯಾಲೆ ವಿಶ್ವಾಸ ಇಲ್ಲಂತಲ್ಲ ತಮ್ಮಾ. ನೀವು ದಿನಾ ಹೊಸಾ ಪೆಟಗಿ ಮಾಡತೀರಿ. ಯಾರರೆ ಒತ್ತಿ ನೋಡಬೇಕಲ್ಲ," ಎಂದು ಚೀಲ ಹೆಗಲಿಗೇರಿಸಿದರು. ಆಮೇಲೆ ಹಬ್ಬಕ್ಕೊಮ್ಮೆ ಡಬ್ಬಿ ಮಾತ್ರ ಬರುತ್ತಿತ್ತು. ಈ ಸಲ ಬಂದದ್ದು ಅವರ ತಮ್ಮನ ಫೋನು.

ಇಷ್ಟು ಬರೆದ ಮೇಲೆ ಇವತ್ತು ಬೆಳಿಗ್ಗೆ ಆ ಹೊಸ ಇಂಜಿನಿಯರನ್ನು ನನ್ನ ಮೇಜಿಗೆ ಕರೆದೆ. ಈ ವಾರ ಆಕೆ ಟಿಪ್ಪಣಿಗೆ ಉತ್ತರ ಬರೆಯುವ ಹೊಸ ಪೆಟ್ಟಿಗೆಯೊಂದನ್ನು ಮಾಡಿದ್ದಾಳೆ. ಚುರುಕು ಹುಡುಗಿ; ಎರಡೇ ದಿನದಲ್ಲಿ ಮಾಡಿದಳು. ಅದರೊಳಗೆ ಎಡಬಾಣ, ಎಕ್ಸ್, ಬಲಬಾಣ, ಮತ್ತೆ ಎಡಬಾಣ, ಓ, ಬಲಬಾಣ ಎಂದು ಒಂದೊಂದೇ ಹೊಡೆಯತೊಡಗಿದೆ. ನನಗೆ ಕೆಳಗೆ ನೋಡದೆ ಹೊಡೆಯಲು ಇನ್ನೂ ಬರುವುದಿಲ್ಲ. ಆಕೆ ಸ್ವಲ್ಪ ಹೊತ್ತು ನೋಡಿ, ನಗು ತಡೆದುಕೊಂಡು ಕೇಳಿದಳು.

"ಸರ್, ಹಿಂಗ ಯಾರ ಬರೀತಾರ್ರಿ?"

"ನಾ ಬರದೆನಲ್ಲ," ಎಂದೆ. ಎಂದು ಒತ್ತಿದೆ.

ಪೆಟ್ಟಿಗೆ ಖಾಲಿಯಾಗಿತ್ತು. ಆಕೆಯ ನಗು ನಿಂತಿತು. ಮುಂದೆ ಬಾಗಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಪರದೆಯನ್ನು ಆಕೆಯ ಮುಂದೆ ತಿರುಗಿಸಿ ಹಿಡಿದೆ. ಆಕೆ ಕುರ್ಚಿ ಎಳೆದುಕೊಂಡು ಕೂತು, ತಾನೇ ಇನ್ನೊಮ್ಮೆ ಒಂದೂ ತಪ್ಪದಂತೆ ಅದೇ ತೋರಣ ಹೊಡೆದು ನೋಡಿದಳು. ಆಮೇಲೆ ಹಳೆಯ ಟಿಕೆಟ್ ತೆಗೆದು, 'ಮುಚ್ಚಲೇ?' ಎಂಬ ತನ್ನ ಷರಾ ಅಳಿಸಿ, ಅಕ್ಕೋರ ಸಾಲುಗಳ ಕೆಳಗೆ ಇವತ್ತಿನ ತಾರೀಖು ಹಾಕಿ ಬರೆದಳು: 'ಅಂಚು ಕಾಣವಲ್ದು.'